ಯಾವ ನೀರಿಗೆ ಯಾವ ಫ್ಲೈ? ಸೌತ್ ಪ್ಲ್ಯಾಟ್ ಹೊಳೆಯ ಟ್ರೌಟ್ ಹಿಡಿಯುವವರಿಗೆ

ಸೆಪ್ಟೆಂಬರ್ ತಿಂಗಳು, ಬೆಳಿಗ್ಗೆ ಒಂಬತ್ತೂವರೆ. ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್‌ನಿಂದ ಒಂದೂವರೆ ಗಂಟೆ ದಾರಿ, ಡೆಕರ್ಸ್ ಅನ್ನುವ ಊರಿನ ಹತ್ತಿರ ಸೌತ್ ಪ್ಲ್ಯಾಟ್ ಹೊಳೆಯಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತಿದ್ದೆ. ಐದಾರು ಮಾರು ದೂರದಲ್ಲಿ ಒಂದಷ್ಟು ಟ್ರೌಟ್‌ಗಳು ಒಂದೇ ಸಮ ಮೂತಿ ಮೇಲೆತ್ತಿ ಏನನ್ನೋ ತಿನ್ನುತ್ತಿದ್ದವು. ನನ್ನ ದಾರದ ತುದಿಯಲ್ಲಿ 14ನೇ ನಂಬರಿನ ಪ್ಯಾರಾಶೂಟ್ ಆಡಮ್ಸ್ ಫ್ಲೈ, ಅಂದರೆ ಕೊಕ್ಕೆಗೆ ಗರಿ ಸುತ್ತಿ ಮಾಡಿದ ಸುಳ್ಳು ಹುಳ. ಎರಡು ಗಂಟೆ ಎಸೆದೆ. ಒಂದು ಮೀನೂ ಮೂಸಲಿಲ್ಲ. ಬೂದು ಬಣ್ಣ ಬೇಡವೇನೋ ಅಂತ ಕಂದು ಕಟ್ಟಿದೆ, ಆಮೇಲೆ ಹಳದಿ, ಆಮೇಲೆ ಕೆಂಪು. ಮೀನುಗಳು ನನ್ನ ಫ್ಲೈ ಪಕ್ಕದಲ್ಲೇ ತಿನ್ನುತ್ತಾ ಇದ್ದವು, ಬೇಕಂತಲೇ ಅನ್ನುವ ಹಾಗೆ.

ಕೆಳಗಡೆ ನಿಂತಿದ್ದ ಒಬ್ಬ ಅಜ್ಜ ಕೊನೆಗೆ ಕೈಸನ್ನೆ ಮಾಡಿ, ನೀರಿನ ಮೇಲೆ ನೋಡು ಅಂದ. ಬಗ್ಗಿ ನೋಡಿದರೆ ಜೀರಿಗೆ ಕಾಳಿನಷ್ಟು ಸಣ್ಣ ಕಪ್ಪು ಹುಳಗಳು, ರೆಕ್ಕೆ ಚಾಚಿಕೊಂಡು ಸತ್ತು ತೇಲಿ ಬರುತ್ತಿದ್ದವು. ಸಾವಿರಗಟ್ಟಲೆ. ಅವಕ್ಕೆ ಟ್ರೈಕೋ ಅನ್ನುತ್ತಾರೆ. ಅಜ್ಜ ತನ್ನ ಡಬ್ಬಿಯಿಂದ 22ನೇ ನಂಬರಿನ ಒಂದು ಕಪ್ಪು ಚುಕ್ಕಿ ಕೊಟ್ಟ. ಅದನ್ನು ಕಟ್ಟೋಕೆ ಐದು ನಿಮಿಷ ಬೇಕಾಯಿತು, ಕಣ್ಣಿಗೆ ಕಾಣಿಸಿದರೆ ತಾನೇ! ನಾಲ್ಕನೇ ಎಸೆತಕ್ಕೆ ಮೀನು ಸಿಕ್ಕಿತು.

ಆವತ್ತಿನಿಂದ ನಾನು ಫ್ಲೈ ಆರಿಸುವ ಕ್ರಮವೇ ಬದಲಾಯಿತು. ಮೊದಲು, ಮೀನು ಯಾವ ಆಳದಲ್ಲಿ ತಿನ್ನುತ್ತಿದೆ. ಎರಡನೆಯದು, ಗಾತ್ರ. ಆಮೇಲೆ ಆಕಾರ. ಬಣ್ಣ ಕಟ್ಟಕಡೆಗೆ. ಅಂಗಡಿಗೆ ಹೋದ ಹೊಸಬರು ಇದನ್ನು ತಲೆಕೆಳಗು ಮಾಡುತ್ತಾರೆ. ಗಾಜಿನ ಪೆಟ್ಟಿಗೆಯೊಳಗೆ ಮಿರಮಿರ ಮಿಂಚುವುದನ್ನೆಲ್ಲ ಬಾಚಿಕೊಂಡು ಬರುತ್ತಾರೆ. ನಾನೂ ಹಾಗೇ ಮಾಡಿದವನು. ಒಂದೊಂದಕ್ಕೂ ಎರಡು ಮೂರು ಡಾಲರ್, ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ.

ಮೊದಲಿಗೆ ಒಂದೆರಡು ಮಾತು

ಊರಲ್ಲಿ ಗಾಳಕ್ಕೆ ಎರೆಹುಳ ಸಿಕ್ಕಿಸಿ ಹಳ್ಳದಲ್ಲಿ ಬಿಟ್ಟು ಕೂತವರಿಗೆ ಈ ಆಟ ಮೊದಲಿಗೆ ವಿಚಿತ್ರ ಅನಿಸುತ್ತದೆ. ಇಲ್ಲಿ ತಿನ್ನುವ ವಸ್ತು ಏನೂ ಇಲ್ಲ. ಕೊಕ್ಕೆಗೆ ಹುಂಜದ ಗರಿ, ಮೊಲದ ತುಪ್ಪಳ, ನವಿಲುಗರಿಯ ಎಳೆ, ತಾಮ್ರದ ತಂತಿ ಸುತ್ತಿ ಹುಳದ ವೇಷ ಹಾಕಿರುತ್ತಾರೆ. ವಾಸನೆ ಇಲ್ಲ, ರುಚಿ ಇಲ್ಲ. ಕಾವೇರಿಯಲ್ಲಿ ಮಹಶೀರ್ ಹಿಡಿಯುತ್ತಿದ್ದ ಕಾಲದಲ್ಲಿ ರಾಗಿ ಹಿಟ್ಟಿನ ಮುದ್ದೆ ಕಟ್ಟುತ್ತಿದ್ದರಲ್ಲ, ಅದರಲ್ಲಿ ಮೀನು ವಾಸನೆ ಹಿಡಿದು ಬರುತ್ತಿತ್ತು. ಟ್ರೌಟ್ ಕಣ್ಣಿಂದ ನೋಡಿ ತೀರ್ಮಾನ ಮಾಡುತ್ತದೆ. ಬಾಯಿಗೆ ಹಾಕಿಕೊಂಡು ಸುಳ್ಳು ಅಂತ ಗೊತ್ತಾದರೆ ಕ್ಷಣದಲ್ಲಿ ಉಗುಳುತ್ತದೆ. ಅದಕ್ಕೇ ಈ ತಲೆಬಿಸಿ.

ಕೊಕ್ಕೆಯ ಗಾತ್ರ ಹೇಳುವ ನಂಬರಿನ ಲೆಕ್ಕ ನೂಲಿನ ಕೌಂಟ್ ಇದ್ದ ಹಾಗೆ, ಸಂಖ್ಯೆ ಏರಿದಷ್ಟು ವಸ್ತು ಸಣ್ಣ. 8, 10 ಅಂದರೆ ಮಿಡತೆಯಂಥ ದೊಡ್ಡವು. 14, 16 ಮಧ್ಯಮ. 20 ದಾಟಿದರೆ ಕನ್ನಡಕ ಬೇಕು.

ಡೆಕರ್ಸ್ ಹತ್ತಿರದ ಈ ನೀರು ಬರುವುದು ಮೇಲಿನ ಚೀಸ್‌ಮನ್ ಅಣೆಕಟ್ಟೆಯಿಂದ. 1905ರಲ್ಲಿ ಕಟ್ಟಿ ಮುಗಿದದ್ದು. ಅಣೆಕಟ್ಟೆಯ ಕೆಳಗಿನ ಹೊಳೆಗಳಲ್ಲಿ ನೀರು ಬೇಸಿಗೆಯಲ್ಲಿ ತಣ್ಣಗಿರುತ್ತದೆ, ಚಳಿಗಾಲದಲ್ಲೂ ಪೂರ್ತಿ ಹೆಪ್ಪುಗಟ್ಟುವುದಿಲ್ಲ. ಹಾಗಾಗಿ ವರ್ಷವಿಡೀ ಸಣ್ಣ ಹುಳಗಳು ಹುಟ್ಟುತ್ತಲೇ ಇರುತ್ತವೆ, ಮೀನುಗಳು ಸಣ್ಣದಕ್ಕೇ ಒಗ್ಗಿರುತ್ತವೆ. ಅಣೆಕಟ್ಟೆ ಇಲ್ಲದ, ಬೆಟ್ಟದ ಹಿಮ ಕರಗಿ ನೇರ ಇಳಿಯುವ ಹಳ್ಳಗಳ ಮೀನು ಹಾಗಲ್ಲ. ಅವಕ್ಕೆ ಬೇಸಿಗೆ ಚಿಕ್ಕದು, ನೀರಿನ ವೇಗ ಜಾಸ್ತಿ, ಸಿಕ್ಕಿದ್ದನ್ನು ಗಬಕ್ಕನೆ ನುಂಗುತ್ತವೆ. ಒಂದೇ ಡಬ್ಬಿ ಎರಡೂ ಕಡೆ ನಡೆಯುತ್ತದೆ ಅಂದುಕೊಂಡರೆ ಅರ್ಧ ದಿನ ಹಾಳು.

ತೇಲುವ ಫ್ಲೈ: ಆಡಮ್ಸೋ, ಎಲ್ಕ್ ಹೇರ್ ಕ್ಯಾಡಿಸ್ಸೋ?

ನೀರಿನ ಮೇಲೆ ತೇಲುವವು ಡ್ರೈ ಫ್ಲೈಗಳು. ಮೀನು ಮೇಲೆ ಬಂದು ಕಚ್ಚುವುದು ಕಣ್ಣಿಗೆ ಕಾಣುತ್ತದೆ, ಅದಕ್ಕೇ ಎಲ್ಲರಿಗೂ ಇದರ ಮೇಲೆ ಆಸೆ. ಆದರೆ ಟ್ರೌಟ್ ದಿನದ ಬಹುಪಾಲು ತಿನ್ನುವುದು ನೀರಿನೊಳಗೆ. ಮೇಲೆ ತಿನ್ನುವ ಗುರುತು ಕಂಡಾಗ ಮಾತ್ರ ಡ್ರೈ ಕಟ್ಟಿ ಅನ್ನುತ್ತೇನೆ.

ಆಡಮ್ಸ್ 1922ರಲ್ಲಿ ಮಿಶಿಗನ್‌ನಲ್ಲಿ ಲೆನ್ ಹ್ಯಾಲಡೆ ಕಟ್ಟಿದ ಫ್ಲೈ. ಬೂದು ಮೈ, ಕಂದು-ಬೂದು ಗರಿ. ಯಾವ ಒಂದು ಹುಳದ ತದ್ರೂಪವೂ ಅಲ್ಲ, ಮೇಫ್ಲೈ ಅನ್ನುವ, ಹೊಳೆಯಲ್ಲಿ ಹುಟ್ಟಿ ಹಾರುವ ಹುಳಗಳೆಲ್ಲದರ ಛಾಯೆಯೂ ಅದರಲ್ಲಿದೆ. ಪ್ಯಾರಾಶೂಟ್ ಬಗೆಯಲ್ಲಿ ನಡುವೆ ಒಂದು ಬಿಳಿ ಕುಚ್ಚು ಇರುತ್ತದೆ. ಅದು ನಮಗೋಸ್ಕರ, ದೂರದಿಂದ ಕಾಣಲಿ ಅಂತ. ಮೀನಿಗೆ ಕೆಳಗಿನಿಂದ ಕಾಣುವುದು ಮೈ ಮತ್ತು ಸುತ್ತ ಹರಡಿದ ಗರಿ ಮಾತ್ರ.

ಎಲ್ಕ್ ಹೇರ್ ಕ್ಯಾಡಿಸ್ ಅನ್ನು ಅಲ್ ಟ್ರಾತ್ 1957ರಲ್ಲಿ ಕಟ್ಟಿದ್ದು. ಕ್ಯಾಡಿಸ್ ಅನ್ನುವುದೂ ಹೊಳೆಯಲ್ಲೇ ಹುಟ್ಟುವ, ಪತಂಗದಂಥ ಇನ್ನೊಂದು ಹುಳ. ಎಲ್ಕ್ ಅಂದರೆ ನಮ್ಮ ಕಡವೆಗಿಂತ ದೊಡ್ಡ ಜಿಂಕೆ. ಅದರ ಕೂದಲೊಳಗೆ ಗಾಳಿ ಇರುವುದರಿಂದ ಫ್ಲೈ ಮುಳುಗುವುದೇ ಇಲ್ಲ. ಮನೆ ಮಾಡಿನ ಹಾಗೆ ಇಳಿಜಾರು ರೆಕ್ಕೆ.

ಎರಡರಲ್ಲಿ ಯಾವುದು ಅನ್ನುವುದನ್ನು ಹಾರುವ ಹುಳ ನೋಡಿ ಹೇಳಬಹುದು. ರೆಕ್ಕೆ ನೆಟ್ಟಗೆ, ಹಾಯಿ ಎತ್ತಿದ ದೋಣಿಯಂತೆ ತೇಲಿ ಬಂದರೆ ಮೇಫ್ಲೈ, ಆಡಮ್ಸ್ ಕಟ್ಟಿ. ಪತಂಗದ ಹಾಗೆ ದಿಕ್ಕಾಪಾಲಾಗಿ ಹಾರುತ್ತಾ ನೀರಿಗೆ ಬಡಿದುಕೊಳ್ಳುತ್ತಿದ್ದರೆ ಕ್ಯಾಡಿಸ್. ಹುಳ ಕಾಣದಿದ್ದರೆ ಮೀನಿನ ಗಡಿಬಿಡಿ ನೋಡಿ. ಪಚಕ್ಕನೆ ನೀರು ಚಿಮ್ಮಿಸಿ ತಿಂದರೆ ಹೆಚ್ಚಾಗಿ ಕ್ಯಾಡಿಸ್, ಯಾಕೆಂದರೆ ಆ ಹುಳ ಬೇಗ ಹಾರಿಹೋಗುತ್ತದೆ, ಮೀನಿಗೆ ಅವಸರ. ಸದ್ದಿಲ್ಲದೆ ಹೀರಿಕೊಂಡರೆ ಮೇಫ್ಲೈ ಅಥವಾ ಸತ್ತ ಹುಳ.

ಕೊಲರಾಡೊದ ಅರ್ಕನ್ಸಾ ನದಿಯಲ್ಲಿ ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ ಕ್ಯಾಡಿಸ್ ಏಳುವುದನ್ನು ಒಮ್ಮೆ ನೋಡಬೇಕು. ಅಮ್ಮಂದಿರ ದಿನದ ಆಸುಪಾಸು ಬರುವುದರಿಂದ ಮದರ್ಸ್ ಡೇ ಕ್ಯಾಡಿಸ್ ಅಂತಲೇ ಹೆಸರು. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಗೆದ್ದಲ ಹುಳ ರೆಕ್ಕೆ ಕಟ್ಟಿಕೊಂಡು ದೀಪಕ್ಕೆ ಮುಗಿಬೀಳುತ್ತವಲ್ಲ, ಹಾಗೆ. ಕನ್ನಡಕದ ಸಂದಿಯಲ್ಲಿ, ಕುತ್ತಿಗೆಯಲ್ಲಿ, ಬಾಯಿ ತೆಗೆದರೆ ಬಾಯಲ್ಲಿ. ಇಂಥ ಹೊತ್ತಲ್ಲಿ ಒಂದು ತಮಾಷೆ ಇದೆ. ನಿಜವಾದ ಹುಳ ಅಷ್ಟೊಂದು ಇದ್ದರೆ ನಿಮ್ಮ ಸುಳ್ಳು ಹುಳವನ್ನು ಮೀನು ಯಾಕೆ ಆರಿಸಬೇಕು? ಆಗ ನಾನು ಒಂದು ನಂಬರ್ ದೊಡ್ಡದು ಕಟ್ಟಿ, ಕೊನೆಯಲ್ಲಿ ಸ್ವಲ್ಪ ಎಳೆದು ನಡುಗಿಸುತ್ತೇನೆ. ಆಡಮ್ಸ್ ಅನ್ನು ಹಾಗೆ ಎಳೆದರೆ ಮೀನು ಓಡಿಹೋಗುತ್ತದೆ. ಕ್ಯಾಡಿಸ್ ಆದರೆ ಅಟ್ಟಿಸಿಕೊಂಡು ಬರುತ್ತದೆ.

ಒಂದೇ ಡ್ರೈ ಕೊಳ್ಳುವಷ್ಟು ದುಡ್ಡಿದ್ದರೆ? ಸೌತ್ ಪ್ಲ್ಯಾಟ್‌ಗೆ 18ರ ಆಡಮ್ಸ್. ಬೆಟ್ಟದ ಹಳ್ಳಕ್ಕೆ 14ರ ಕ್ಯಾಡಿಸ್. ಇದರಲ್ಲಿ ನನಗೆ ಅನುಮಾನವಿಲ್ಲ.

ಮೇಲೆ ತಿಂದ ಹಾಗೆ ಕಾಣುತ್ತದೆ, ಆದರೆ ಮೇಲೆ ಅಲ್ಲ

ಇಲ್ಲಿ ಹೆಚ್ಚಿನವರು ಎಡವುತ್ತಾರೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೇಫ್ಲೈ ಮರಿ ಹೊಳೆಯ ತಳದಲ್ಲಿ ಬೆಳೆದು, ಒಂದು ದಿನ ಮೇಲೆ ಈಜಿ ಬರುತ್ತದೆ. ನೀರಿನ ಪೊರೆಗೆ ತಾಗಿ ನಿಂತು, ಬೆನ್ನು ಸೀಳಿ, ರೆಕ್ಕೆ ಹೊರಗೆ ಎಳೆದುಕೊಳ್ಳುತ್ತದೆ. ಆ ಒಂದಷ್ಟು ಸೆಕೆಂಡು ಅದಕ್ಕೆ ಓಡಲೂ ಆಗದು, ಹಾರಲೂ ಆಗದು. ಮೀನಿಗೆ ಇದಕ್ಕಿಂತ ಸುಲಭದ ಊಟ ಬೇರೆ ಇಲ್ಲ. ಪೊರೆಯ ಕೆಳಗೆ ಒಂದೆರಡು ಇಂಚಿನಲ್ಲಿ ನಿಂತು ಇವನ್ನೇ ಆಯ್ದು ತಿನ್ನುತ್ತಿರುತ್ತದೆ. ದಡದಿಂದ ನೋಡುವವನಿಗೆ ಮೇಲೆ ತಿಂದ ಹಾಗೇ ಕಾಣುತ್ತದೆ. ಅವನು ಡ್ರೈ ಎಸೆದು ಎಸೆದು ಸುಸ್ತು.

ಗುರುತು ಗುಳ್ಳೆ. ಮೀನು ಮೂತಿ ಹೊರಗೆ ಹಾಕಿ ತಿಂದರೆ ಗಾಳಿಯೂ ಬಾಯೊಳಗೆ ಹೋಗಿ, ಅಲೆಯ ನಡುವೆ ಒಂದು ಗುಳ್ಳೆ ಉಳಿಯುತ್ತದೆ. ಅಲ್ಲಿಗೆ ಡ್ರೈ. ಗುಳ್ಳೆ ಇಲ್ಲದೆ ಬೆನ್ನು, ಬಾಲ ಮಾತ್ರ ಹೊರಳಿದ ಹಾಗೆ ಕಂಡರೆ ಅದು ಪೊರೆಯ ಕೆಳಗೆ ತಿನ್ನುತ್ತಿದೆ.

ಅಂಥ ಹೊತ್ತಿಗೆ ಆರ್‌ಎಸ್2. ಇದು ಈ ಹೊಳೆಯ ಮಗ. ಕೊಲರಾಡೊದ ರಿಮ್ ಚುಂಗ್ ಸೌತ್ ಪ್ಲ್ಯಾಟ್‌ಗೆ ಅಂತಲೇ ಕಟ್ಟಿದ್ದು. ಬೂದು ಮೈ, ಸೀಳಿದ ಬಾಲ, ಬೆನ್ನಲ್ಲಿ ಒಂದು ಚಿಟಿಕೆ ತುಪ್ಪಳ, ಅಷ್ಟೇ. ಅಂಗಡಿಯಲ್ಲಿ ನೋಡಿದರೆ ಇದಕ್ಕೂ ದುಡ್ಡಾ ಅನಿಸುತ್ತದೆ. ಆದರೆ ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನ ಮೋಡ ಕವಿದ ಮಧ್ಯಾಹ್ನಗಳಲ್ಲಿ, ಬ್ಲೂ ವಿಂಗ್ಡ್ ಆಲಿವ್ ಅನ್ನುವ ಸಣ್ಣ ಮೇಫ್ಲೈ ಏಳುವಾಗ, 20 ಅಥವಾ 22ರ ಆರ್‌ಎಸ್2ಗೆ ಸಾಟಿ ಇನ್ನೊಂದಿಲ್ಲ. ಬಿಸಿಲಿನ ದಿನಕ್ಕಿಂತ ಜಿಟಿಜಿಟಿ ಮಳೆಯ ದಿನವೇ ಈ ಹುಳ ಜಾಸ್ತಿ ಏಳುವುದು. ಚಳಿ ಅಂತ ಕಾರಲ್ಲಿ ಕೂತವರಿಗೆ ತಪ್ಪಿಹೋಗುತ್ತದೆ.

ಮುಳುಗುವ ಫ್ಲೈ: ಫೆಸೆಂಟ್ ಟೇಲ್, ಜೀಬ್ರಾ ಮಿಡ್ಜ್, ಮತ್ತೆ ನಮ್ಮ ಎರೆಹುಳ

ಏನೂ ಗೊತ್ತಾಗದ ದಿನ ಒಂದು ಕೆಲಸ ಮಾಡಿ. ನೀರಿಗಿಳಿಯುವ ಮೊದಲು ದಡದ ಹತ್ತಿರದ ತೆಂಗಿನಕಾಯಿ ಗಾತ್ರದ ಒಂದು ಕಲ್ಲು ಎತ್ತಿ ಮಗುಚಿ ನೋಡಿ. ಮೊದಲಿಗೆ ಪಾಚಿ ಬಿಟ್ಟರೆ ಏನೂ ಕಾಣದು. ಹತ್ತು ಸೆಕೆಂಡು ಕಾದರೆ ಪಾಚಿಯೇ ನಡೆಯೋಕೆ ಶುರು ಮಾಡುತ್ತದೆ. ಮೂರು ಬಾಲದ ಕಂದು ಹುಳ ಸರಸರ ಸರಿದರೆ ಮೇಫ್ಲೈ ಮರಿ. ಮರಳಿನ ಕಾಳು ಅಂಟಿಸಿ ಕಟ್ಟಿದ ಸಣ್ಣ ಕೊಳವೆ ಕಂಡರೆ ಕ್ಯಾಡಿಸ್ ಮನೆ. ದಾರದ ತುಂಡಿನಂಥದ್ದು ಸುರುಳಿ ಸುತ್ತಿಕೊಂಡರೆ ಮಿಡ್ಜ್, ಅಂದರೆ ಸೊಳ್ಳೆಯಂಥ ಸಣ್ಣ ಹುಳದ ಮರಿ. ಅವುಗಳ ಉದ್ದವನ್ನು ಉಗುರಿನ ಪಕ್ಕ ಹಿಡಿದು ನೋಡಿ, ಡಬ್ಬಿಯಲ್ಲಿ ಅದೇ ಉದ್ದದ್ದು ತೆಗೆಯಿರಿ. ಕಲ್ಲನ್ನು ಇದ್ದಲ್ಲೇ ವಾಪಸ್ ಇಡಿ, ಅದು ಅವುಗಳ ಮನೆ.

ಮೇಫ್ಲೈ ಮರಿಗೆ ಫೆಸೆಂಟ್ ಟೇಲ್. ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರ ಫ್ರ್ಯಾಂಕ್ ಸಾಯರ್ ಕಟ್ಟಿದ್ದು. ನೂಲು ಕೂಡ ಬಳಸದೆ, ಫೆಸೆಂಟ್ ಹಕ್ಕಿಯ ಬಾಲದ ಎಳೆ ಮತ್ತು ತಾಮ್ರದ ತಂತಿ, ಎರಡರಲ್ಲೇ ಮುಗಿಸಿದ. ತಂತಿಯೇ ಭಾರ, ತಂತಿಯೇ ಹೊಳಪು. ವಸಂತದಿಂದ ಶರತ್ಕಾಲದವರೆಗೆ 16, 18 ಸಾಕು.

ಜೀಬ್ರಾ ಮಿಡ್ಜ್ ಚಳಿಗಾಲದ್ದು. ಕಪ್ಪು ನೂಲು, ಬೆಳ್ಳಿ ತಂತಿಯ ಪಟ್ಟೆ, ತಲೆಗೊಂದು ಮಣಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈ ಹೊಳೆಯಲ್ಲಿ ಏಳುವುದು ಹೆಚ್ಚುಕಮ್ಮಿ ಮಿಡ್ಜ್ ಒಂದೇ. ಆ ದಿನಗಳಲ್ಲಿ ಫೆಸೆಂಟ್ ಟೇಲ್ ಹಾಕಿದರೆ ಸಿಗುವುದೇ ಇಲ್ಲ ಅಂತಲ್ಲ, ಆದರೆ 20, 22ರ ಜೀಬ್ರಾಕ್ಕೆ ಸಿಗುವಷ್ಟು ಸಿಗದು. ತಣ್ಣೀರಲ್ಲಿ ಮೀನು ಊಟಕ್ಕಾಗಿ ಒಂದು ಗೇಣು ಕೂಡ ಪಕ್ಕಕ್ಕೆ ಸರಿಯುವುದಿಲ್ಲ, ಬಾಯಿ ಮುಂದೆಯೇ ಹೋಗಬೇಕು. ಬೆಳಿಗ್ಗೆ ಬೇಗ ಎದ್ದು ಹೋಗುವ ಶೌರ್ಯವೂ ಬೇಡ. ಹನ್ನೊಂದರಿಂದ ಮೂರು, ಬಿಸಿಲು ನೀರಿಗೆ ಬಿದ್ದ ಹೊತ್ತು ಸಾಕು.

ಮೂರನೆಯದು ಸ್ಯಾನ್ ವಾನ್ ವರ್ಮ್. ಕೊಕ್ಕೆಗೆ ಕೆಂಪು ಮಕಮಲ್ ದಾರದ ತುಂಡು ಕಟ್ಟಿದರೆ ಆಯಿತು, ಸಾಕ್ಷಾತ್ ಎರೆಹುಳ! ನ್ಯೂ ಮೆಕ್ಸಿಕೊದ ಸ್ಯಾನ್ ವಾನ್ ನದಿಯ ಹೆಸರು. ಮಡಿವಂತ ಗಾಳಗಾರರು ಇದನ್ನು ನೋಡಿ ಮೂಗು ಮುರಿಯುತ್ತಾರೆ. ಮಳೆ ಬಂದು ದಡದ ಮಣ್ಣು ಕೊಚ್ಚಿ, ನೀರು ಚಹಾದ ಬಣ್ಣಕ್ಕೆ ತಿರುಗಿದ ದಿನ ಅವರ ಡಬ್ಬಿ ಮೂಲೆಯಿಂದಲೂ ಇದು ಸದ್ದಿಲ್ಲದೆ ಹೊರಬರುತ್ತದೆ. ಮೀನಿಗೆ ಮಡಿ ಇಲ್ಲವಲ್ಲ.

ಈ ಮೂರರಲ್ಲಿ ಯಾವುದನ್ನೇ ಕಟ್ಟಿ, ಅದು ತಳದ ಹತ್ತಿರ ಹೋಗದಿದ್ದರೆ ಪ್ರಯೋಜನವಿಲ್ಲ. ಅರ್ಧ ಗಂಟೆ ಏನೂ ಸಿಗದಿದ್ದರೆ ಹೊಸಬರು ಫ್ಲೈ ಬದಲಿಸುತ್ತಾರೆ. ಫ್ಲೈ ಬದಲಿಸುವ ಮೊದಲು ಸೀಸದ ಒಂದು ಗುಂಡು ಹೆಚ್ಚು ಹಾಕಿ. ಬೆಂಡನ್ನು ಫ್ಲೈಯಿಂದ ನೀರಿನ ಆಳದ ಒಂದೂವರೆ ಪಟ್ಟು ಮೇಲೆ ಕಟ್ಟಿ. ಆಗಾಗ ಕಲ್ಲಿಗೆ ತಾಗಿ ಬೆಂಡು ಅದುರಿದರೆ ಆಳ ಸರಿ ಇದೆ ಅಂತ ಅರ್ಥ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಸಲ ತಪ್ಪು ಫ್ಲೈಯದ್ದಲ್ಲ, ಆಳದ್ದು.

ಸ್ಟ್ರೀಮರ್

ಇವು ಹುಳವಲ್ಲ, ಮರಿಮೀನು ಅಥವಾ ಜಿಗಣೆಯ ವೇಷ. ಎಳೆದಾಡಿಸಿ ಮೀನಿಗೆ ಸಿಟ್ಟು ಬರಿಸುವುದು. ವೂಲಿ ಬಗ್ಗರ್ ಒಂದು ಇದ್ದರೆ ಸಾಕು. 1967ರಲ್ಲಿ ಪೆನ್ಸಿಲ್ವೇನಿಯಾದ ರಸೆಲ್ ಬ್ಲೆಸಿಂಗ್ ಕಟ್ಟಿದ್ದು. ಕಪ್ಪು ಮತ್ತು ಆಲಿವ್ (ಮಾಸಲು ಹಸಿರು) ಎರಡೂ ಇಟ್ಟುಕೊಳ್ಳಿ. ಕದಡಿದ ನೀರಿಗೆ, ಮುಸ್ಸಂಜೆಗೆ ಕಪ್ಪು. ಮಂದ ಬೆಳಕಲ್ಲಿ ಕಪ್ಪೇ ಎದ್ದು ಕಾಣುವುದು. ತಿಳಿನೀರಿಗೆ ಆಲಿವ್. ಮೀನಿನ ಸಂಖ್ಯೆ ಕಡಿಮೆ, ಆದರೆ ಬಂದದ್ದು ದೊಡ್ಡದಾಗಿ ಬರುತ್ತದೆ. ಕೈ ನೋಯುತ್ತದೆ. ನನಗೆ ಅಷ್ಟು ಇಷ್ಟವಿಲ್ಲ, ಅದಕ್ಕೇ ಇಷ್ಟಕ್ಕೇ ನಿಲ್ಲಿಸುತ್ತೇನೆ.

ನೀರು, ಗಾಳಿ, ಬಿಸಿಲು

ಮೇ ಕೊನೆಯಿಂದ ಜೂನ್‌ವರೆಗೆ ಹಿಮ ಕರಗಿ ಅಣೆಕಟ್ಟೆ ಇಲ್ಲದ ಹೊಳೆಗಳು ಕೆಂಪಗೆ ಉಕ್ಕಿ ಹರಿಯುತ್ತವೆ. ಆಗ ಮೀನು ಸೆಳೆತ ತಪ್ಪಿಸಿಕೊಂಡು ದಡದ ಪೊದೆಯ ಬುಡದಲ್ಲೇ ನಿಲ್ಲುತ್ತದೆ. ಮುಂಗಾರಿನಲ್ಲಿ ಹತ್ತುಮೀನು ಹಿಡಿಯಲು ಗದ್ದೆ ಬದುವಿಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಫ್ಲೈ ಬೇಕು: 8ರ ಕಪ್ಪು ಬಗ್ಗರ್, ಕೆಂಪು ವರ್ಮ್, ಸ್ಟೋನ್‌ಫ್ಲೈ ಅನ್ನುವ ದೊಡ್ಡ ಹುಳದ ವೇಷದ ರಬ್ಬರ್ ಕಾಲಿನ ಫ್ಲೈ. ದಾರ ದಪ್ಪ ಇದ್ದರೂ ಮೀನಿಗೆ ಕಾಣದು.

ಆಗಸ್ಟ್‌ನ ತಿಳಿನೀರು ಇದರ ತದ್ವಿರುದ್ಧ. ನೀರು ಇಳಿದಿರುತ್ತದೆ, ಗಾಜಿನ ಹಾಗಿರುತ್ತದೆ, ಮೀನು ನಿಮ್ಮ ನೆರಳಿಗೇ ಓಡುತ್ತದೆ. ಸಣ್ಣ ಫ್ಲೈ, ಉದ್ದ ಮತ್ತು ತೆಳು ದಾರ. ದಾರದ ತುದಿಗೆ ಟಿಪ್ಪೆಟ್ ಅನ್ನುತ್ತಾರೆ. ಅದಕ್ಕೊಂದು ಸುಲಭ ಲೆಕ್ಕ: ಫ್ಲೈ ನಂಬರನ್ನು ಮೂರರಿಂದ ಭಾಗಿಸಿ. 16ಕ್ಕೆ 5ಎಕ್ಸ್, ಅಂದರೆ ಸುಮಾರು 0.15 ಮಿ.ಮೀ. 18ಕ್ಕೆ 6ಎಕ್ಸ್. ದಪ್ಪ ದಾರಕ್ಕೆ ಸಣ್ಣ ಫ್ಲೈ ಕಟ್ಟಿದರೆ ಅದು ಕಡ್ಡಿಗೆ ಕಟ್ಟಿದ ಸೊಳ್ಳೆಯ ಹಾಗೆ ಸೆಟೆದು ನಿಲ್ಲುತ್ತದೆ.

ಗಾಳಿ ಬೀಸುವ ಬೇಸಿಗೆ ಮಧ್ಯಾಹ್ನ ಎಲ್ಲರೂ ಗೊಣಗುತ್ತಾರೆ. ನನಗೋ ಖುಷಿ. ದಡದ ಹುಲ್ಲಿನಿಂದ ಮಿಡತೆಗಳು ನೀರಿಗೆ ಬೀಳುತ್ತವೆ. 10ರ ಫೋಮ್ ಮಿಡತೆಯನ್ನು ದಡದ ಪಕ್ಕದಲ್ಲೇ ತಪ್ ಅಂತ ಬೀಳಿಸಿ, ಅದರ ಕೊಕ್ಕೆಗೆ ಒಂದೂವರೆ ಅಡಿ ದಾರ ಕಟ್ಟಿ ಕೆಳಗೊಂದು ಫೆಸೆಂಟ್ ಟೇಲ್ ಇಳಿಬಿಡಿ. ಮಿಡತೆಯೇ ಬೆಂಡು. ಮೇಲಿನದನ್ನು ಕಚ್ಚದಿದ್ದರೆ ಕೆಳಗಿನದನ್ನು ಕಚ್ಚುತ್ತದೆ. ಹೊಸಬರಿಗೆ ನಾನು ಮೊದಲು ಕಟ್ಟಿಕೊಡುವ ಜೋಡಿ ಇದೇ.

ಆದರೆ ನೀರು 20 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಯಾವ ಫ್ಲೈಯೂ ಬೇಡ, ಮನೆಗೆ ಹೋಗಿ. ಬೆಚ್ಚಗಿನ ನೀರಲ್ಲಿ ಆಮ್ಲಜನಕ ಕಡಿಮೆ, ಒದ್ದಾಡಿ ಬಿಟ್ಟ ಟ್ರೌಟ್ ಈಜಿಹೋದ ಹಾಗೆ ಕಂಡರೂ ಆಮೇಲೆ ಸಾಯುತ್ತದೆ. ಜೇಬಲ್ಲಿ ಒಂದು ಥರ್ಮಾಮೀಟರ್ ಇರಲಿ. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಕೊಳ್ಳಿ. ಚೀಸ್‌ಮನ್ ಕಣಿವೆಯಲ್ಲಂತೂ ಹಿಡಿದ ಟ್ರೌಟ್ ಅನ್ನು ಬಿಡಲೇಬೇಕು, ಎರೆ ಹಾಕುವಂತಿಲ್ಲ. 16 ವರ್ಷ ತುಂಬಿದವರಿಗೆ ಲೈಸೆನ್ಸ್ ಕಡ್ಡಾಯ.

ಊರಿಂದ ಓದುತ್ತಿರುವವರಿಗೆ ಒಂದು ಮಾತು. ಹಿಮಾಚಲದ ತೀರ್ಥನ್ ಕಣಿವೆಗೆ ಹೋಗುವ ಬೆಂಗಳೂರಿನ ಗೆಳೆಯರು ಯಾವ ಫ್ಲೈ ಒಯ್ಯಲಿ ಅಂತ ಕೇಳುತ್ತಾರೆ. ಅದು ಹಿಮ ಕರಗಿ ಇಳಿಯುವ ಹೊಳೆ, ಬ್ರೌನ್ ಟ್ರೌಟ್ ಇದೆ. ಅಲ್ಲಿಗೆ 22ರ ಚಿಲ್ಲರೆ ಒಯ್ಯಬೇಡಿ. 12-14ರ ಕ್ಯಾಡಿಸ್, ಮಣಿ ತಲೆಯ ಫೆಸೆಂಟ್ ಟೇಲ್, ಎರಡು ಬಗ್ಗರ್ ಸಾಕು. ನವೆಂಬರ್‌ನಿಂದ ಫೆಬ್ರವರಿ ಕೊನೆವರೆಗೆ ಅಲ್ಲಿ ಟ್ರೌಟ್ ಹಿಡಿಯುವುದು ನಿಷೇಧ, ಉಳಿದ ತಿಂಗಳಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಜುಲೈ-ಆಗಸ್ಟ್‌ನಲ್ಲಿ ಮಳೆಗೆ ನೀರು ಕೆಡುತ್ತದೆ, ಆಗ ಹೋದರೆ ಬರೀ ಬಗ್ಗರ್ ಮತ್ತು ವರ್ಮ್.

ನನ್ನ ಡಬ್ಬಿಯಲ್ಲಿ ಈಗ ಎಂಟು ಬಗೆ ಇವೆ: ಆಡಮ್ಸ್, ಕ್ಯಾಡಿಸ್, ಟ್ರೈಕೋ, ಆರ್‌ಎಸ್2, ಫೆಸೆಂಟ್ ಟೇಲ್, ಜೀಬ್ರಾ, ವರ್ಮ್, ಬಗ್ಗರ್. ಬೇಸಿಗೆಯಲ್ಲಿ ಮಿಡತೆ ಸೇರುತ್ತದೆ. ಒಂದೊಂದು ಬಗೆ ಎರಡು ಗಾತ್ರದಲ್ಲಿ, ಗಾತ್ರಕ್ಕೆ ಮೂರು ಮೂರು. ಮೂರು ಯಾಕೆಂದರೆ ಒಂದು ಮರಕ್ಕೆ, ಒಂದು ತಳದ ಕಲ್ಲಿಗೆ, ಉಳಿದದ್ದು ಮೀನಿಗೆ. ಅಜ್ಜ ಕೊಟ್ಟ ಆ ಟ್ರೈಕೋ ಮಾತ್ರ ಬೇರೆ ಮೂಲೆಯಲ್ಲಿದೆ. ಗರಿ ಉದುರಿ, ಬರೀ ಕಪ್ಪು ನೂಲು ಉಳಿದಿದೆ. ಹೋದ ಸೆಪ್ಟೆಂಬರ್‌ನಲ್ಲಿ ಅದನ್ನೇ ಕಟ್ಟಿದೆ, ಆಗಲೂ ಒಂದು ಮೀನು ಬಂತು.